ಮೂಳೆ ಮುರಿದಾಗ ನೋವು ಶಮನ: ಮಲೆನಾಡಿನ ತೋಟಗಾರರಿಗೆ ತಿಳುವಳಿಕೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆಯು ಮುಖ್ಯ ತೋಟದ ಬೆಳೆ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವಾಗ, ಕೊನೆಗೆ ಕೊಟ್ಟೆ ಕಟ್ಟುವಾಗ, ಮುಂದೆ ಕೊನೆ ಇಳಿಸುವಾಗ ಮರ ಹತ್ತುವ ಕೆಲಸ ಬರುತ್ತದೆ. ಕಾಳುಮೆಣಸು ಕೊಯ್ಯಲು ಏಣಿ ಹತ್ತಬೇಕು. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯಲು ಕಾಡುಮರ ಏರಬೇಕು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳ, ಕಾಲುಸಂಕ, ಕೊಟ್ಟಿಗೆ ಮತ್ತು ಬಚ್ಚಲುಗಳಲ್ಲಿ ವಯಸ್ಸಾದವರು ಜಾರಿ ಬೀಳುವುದೂ ಉಂಟು. ಈಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತೇ ಸಿಂಪಡಣೆ ಮತ್ತು ಕೊಯ್ಲು ಮಾಡುವ ಉದ್ದನೆಯ ದೋಟಿಗಳು ಬಳಕೆಗೆ ಬಂದಿದ್ದು, ಮರದಿಂದ ಬೀಳುವ ಅಪಾಯವನ್ನು ತಪ್ಪಿಸಲು ಇವು ಉತ್ತಮ ಸಾಧನ. ಆದರೂ ಮರ ಹತ್ತುವ ಕೊನೆಗಾರರು ಇನ್ನೂ ಇದ್ದಾರೆ. ಬೀಳುವ ಅಪಾಯವೂ ಇದೆ.

ಮೂಳೆ ಮುರಿದಾಗ ಮನೆಯವರ ಗಮನವೆಲ್ಲ ಮೂಳೆ ಕೂಡಿಸುವುದರ ಕಡೆಗೆ ಹೋಗುತ್ತದೆ. ನೋವಿನ ವಿಷಯಕ್ಕೆ ಬಂದರೆ, "ಮೂಳೆ ಮುರಿದ ಮೇಲೆ ನೋವು ಇದ್ದದ್ದೇ, ತಡೆದುಕೊಳ್ಳಬೇಕು" ಎಂಬ ಮಾತಿನಲ್ಲಿ ಮುಗಿಯುತ್ತದೆ. ಈ ಭಾವನೆ ಸರಿಯಲ್ಲ. ನೋವನ್ನು ತಕ್ಕಷ್ಟು ಶಮನ ಮಾಡುವುದು ಚಿಕಿತ್ಸೆಯ ಒಂದು ಭಾಗ. ಇದರ ಬಗ್ಗೆ ರೈತ ಕುಟುಂಬಗಳು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ನೋವನ್ನು ಏಕೆ ಶಮನ ಮಾಡಬೇಕು?

ಮೂಳೆಯ ಮೇಲಿನ ತೆಳುವಾದ ಪೊರೆಯಲ್ಲಿ ನೋವಿನ ನರಗಳು ದಟ್ಟವಾಗಿರುತ್ತವೆ. ಮುರಿದ ತುದಿಗಳು ಅಲುಗಿದಾಗಲೆಲ್ಲ ಈ ನರಗಳು ಕೆರಳುತ್ತವೆ. ಸುತ್ತಲಿನ ಮಾಂಸಖಂಡಗಳು ಬಿಗಿದುಕೊಂಡು ತುದಿಗಳನ್ನು ಇನ್ನಷ್ಟು ಎಳೆಯುತ್ತವೆ. ಇದರಿಂದ ನೋವು ನೋವನ್ನೇ ಹೆಚ್ಚಿಸುತ್ತ ಹೋಗುತ್ತದೆ.

ಶಮನವಾಗದ ನೋವಿನಿಂದ ಆಗುವ ಹಾನಿಗಳು ಹಲವು. ರೋಗಿಗೆ ನಿದ್ರೆ ಬರುವುದಿಲ್ಲ, ಊಟ ಸೇರುವುದಿಲ್ಲ, ರಕ್ತದೊತ್ತಡ ಮತ್ತು ನಾಡಿ ಏರುತ್ತವೆ. ಪಕ್ಕೆಲುಬು ಮುರಿದವರು ನೋವಿಗೆ ಹೆದರಿ ಉಸಿರನ್ನು ಮೇಲೆಮೇಲೆಯೇ ತೆಗೆದುಕೊಳ್ಳುತ್ತಾರೆ, ಕೆಮ್ಮುವುದಿಲ್ಲ. ಆಗ ಕಫ ಒಳಗೇ ಉಳಿದು ನ್ಯುಮೋನಿಯಾ ಆಗುವ ಸಂಭವವಿದೆ. ಸೊಂಟದ ಕೀಲಿನ ಬಳಿ ಮೂಳೆ ಮುರಿದ ವೃದ್ಧರು ನೋವಿನಿಂದ ಮಗ್ಗುಲೂ ಬದಲಾಯಿಸದೆ ಮಲಗಿದರೆ ಬೆನ್ನಿನಲ್ಲಿ ಹುಣ್ಣು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಬುದ್ಧಿಭ್ರಮೆ ಮೊದಲಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಕೈಕಾಲು ಮುರಿದವರು ನೋವಿಗೆ ಅಂಜಿ ಬೆರಳುಗಳನ್ನೂ ಅಲ್ಲಾಡಿಸದಿದ್ದರೆ ಕೀಲುಗಳು ಬಿಗಿದುಕೊಳ್ಳುತ್ತವೆ. ಮೂಳೆ ಸರಿಯಾಗಿ ಕೂಡಿದರೂ ಕತ್ತಿ ಹಿಡಿಯಲಾಗದ ಕೈ ಉಳಿಯುತ್ತದೆ. ದುಡಿದು ಉಣ್ಣುವವರಿಗೆ ಇದು ದೊಡ್ಡ ನಷ್ಟ.

ಜನರಲ್ಲಿರುವ ತಪ್ಪು ಕಲ್ಪನೆಗಳು

1. "ನೋವು ತಡೆದುಕೊಂಡರೆ ಮೂಳೆ ಬೇಗ ಕೂಡುತ್ತದೆ." ಇದಕ್ಕೆ ಆಧಾರವಿಲ್ಲ. ಮೂಳೆ ಕೂಡುವುದು ತುದಿಗಳು ಸರಿಯಾಗಿ ಸೇರಿರುವುದು, ಅಲುಗದಿರುವುದು, ರಕ್ತ ಸಂಚಾರ ಮತ್ತು ಪೋಷಣೆಯ ಮೇಲೆ ನಿಂತಿದೆ. ಬೀಡಿ ಸಿಗರೇಟು ಸೇದುವುದರಿಂದ ಕೂಡುವಿಕೆ ನಿಧಾನವಾಗುತ್ತದೆ.

2. "ನೋವಿನ ಮಾತ್ರೆ ಉಷ್ಣ, ಕಿಡ್ನಿ ಕೆಡುತ್ತದೆ." ಎಲ್ಲ ನೋವಿನ ಮಾತ್ರೆಗಳೂ ಒಂದೇ ಜಾತಿಯವಲ್ಲ. ಕೆಲವು ಮಾತ್ರೆಗಳನ್ನು ಕೆಲವರು ತೆಗೆದುಕೊಳ್ಳಬಾರದು ಎಂಬುದು ನಿಜ. ಆದರೆ ತಕ್ಕ ಮಾತ್ರೆಯನ್ನು ತಕ್ಕ ಪ್ರಮಾಣದಲ್ಲಿ ಕೆಲವು ದಿನ ತೆಗೆದುಕೊಳ್ಳುವುದು ಹೆಚ್ಚಿನವರಿಗೆ ಸುರಕ್ಷಿತ.

3. "ಡಾಕ್ಟರು ನೋಡುವವರೆಗೆ ನೋವು ಕಡಿಮೆ ಮಾಡಬಾರದು, ಮುರಿದದ್ದು ಗೊತ್ತಾಗುವುದಿಲ್ಲ." ನೋವು ತಗ್ಗಿದ ಮಾತ್ರಕ್ಕೆ ಎಕ್ಸ್‌ರೇಯಲ್ಲಿ ಮುರಿತ ಮರೆಯಾಗುವುದಿಲ್ಲ. ಯಾವ ಔಷಧಿ, ಎಷ್ಟು ಹೊತ್ತಿಗೆ ಕೊಟ್ಟಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು.

4. "ದೊಡ್ಡ ಇಂಜೆಕ್ಷನ್ ಕೊಟ್ಟರೆ ಚಟ ಹತ್ತುತ್ತದೆ." ತೀವ್ರ ನೋವಿಗೆ ವೈದ್ಯರ ಕಣ್ಣೆದುರಿನಲ್ಲಿ ಒಂದೆರಡು ದಿನ ಕೊಡುವ ಮಾರ್ಫಿನ್ ಜಾತಿಯ ಔಷಧಿಯಿಂದ ಚಟ ಹತ್ತುವುದು ಬಹಳ ವಿರಳ. ವೈದ್ಯರ ಉಸ್ತುವಾರಿ ಇಲ್ಲದೆ ವಾರಗಟ್ಟಲೆ ಮುಂದುವರಿಸಿದಾಗ ಮಾತ್ರ ಈ ಅಪಾಯ ಹೆಚ್ಚುತ್ತದೆ.

ತೋಟದಿಂದ ಆಸ್ಪತ್ರೆಯವರೆಗೆ

ಈ ಮೂರು ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60ರಿಂದ 75 ಕಿ.ಮೀ. ದೂರ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವುದೇ ಕೆಲವೆಡೆ ಒಂದು ಗಂಟೆಯ ಹಾದಿ. ಶರಾವತಿ ಹಿನ್ನೀರಿನ ಆಚೆ ತುಮರಿ ಭಾಗದವರು 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ ಲಾಂಚ್‌ಗೆ ಕಾಯಬೇಕಾಗಿತ್ತು. ಇಂಥ ಪ್ರದೇಶದಲ್ಲಿ ನೋವು ಶಮನದ ಕೆಲಸ ಬಿದ್ದ ಜಾಗದಲ್ಲೇ ಆರಂಭವಾಗಬೇಕು.

ಮೊದಲ ಮತ್ತು ಮುಖ್ಯ ನೋವು ನಿವಾರಕವೆಂದರೆ ಮುರಿದ ಭಾಗ ಅಲುಗದಂತೆ ಮಾಡುವುದು. ಇದಕ್ಕೆ ಬೇಕಾದ ಸಾಮಗ್ರಿ ತೋಟದಲ್ಲೇ ಇದೆ. ಮುಂಗೈ ಮುರಿದಿದ್ದರೆ ಒಣಗಿದ ದಪ್ಪ ಅಡಿಕೆ ಹಾಳೆಯನ್ನು ಕೈಯ ಅಳತೆಗೆ ಕತ್ತರಿಸಿ, ಒಳಗೆ ಮೆತ್ತನೆಯ ಬಟ್ಟೆ ಹಾಸಿ, ಕೈಯನ್ನು ಅದರಲ್ಲಿಟ್ಟು ಬಟ್ಟೆಪಟ್ಟಿಯಿಂದ ಕಟ್ಟಬೇಕು. ಕಾಲು ಮುರಿದಿದ್ದರೆ ಸಿಬಿರು ತೆಗೆದ ಎರಡು ಅಡಿಕೆ ದಬ್ಬೆಗಳನ್ನು ಬಟ್ಟೆ ಸುತ್ತಿ ಎರಡೂ ಪಕ್ಕಕ್ಕೆ ಇಡಬೇಕು. ದಬ್ಬೆಯು ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲುಗಳನ್ನು ದಾಟಿರಬೇಕು. ಕಟ್ಟು ಅಲುಗದಷ್ಟು ಭದ್ರವಾಗಿರಬೇಕು, ಆದರೆ ಒಂದು ಬೆರಳು ತೂರುವಷ್ಟು ಸಡಿಲವಿರಬೇಕು. ಬೆರಳ ತುದಿಗಳು ಹೊರಗೆ ಕಾಣುತ್ತಿರಬೇಕು. ಬಳೆ, ಉಂಗುರ, ಕಾಲಿನ ತಳೆ ಇವುಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ವಕ್ರವಾದ ಕೈಕಾಲನ್ನು ಎಳೆದು ನೇರ ಮಾಡಲು ಹೋಗಬಾರದು.

ಮುರಿದ ಕೈ ಅಥವಾ ಕಾಲನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿ ಇಡುವುದರಿಂದ ಮತ್ತು ತಣ್ಣೀರಿನ ಬಟ್ಟೆ ಹಾಕುವುದರಿಂದ ಊತವೂ ನೋವೂ ತಗ್ಗುತ್ತವೆ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಒಂದು ಸಲಕ್ಕೆ 15–20 ನಿಮಿಷ ಇಡಬಹುದು. ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಬೇಡ.

ಎತ್ತರದ ಮರದಿಂದ ಬಿದ್ದವರಲ್ಲಿ ಬೆನ್ನುಮೂಳೆ ಅಥವಾ ಕುತ್ತಿಗೆ ಮುರಿದಿರಬಹುದೆಂದೇ ಭಾವಿಸಿ ನಡೆದುಕೊಳ್ಳಬೇಕು. ಅವರನ್ನು ಕೂರಿಸಬಾರದು, ಕಂಕುಳಿಗೆ ಕೈಹಾಕಿ ಎತ್ತಬಾರದು, ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಒಯ್ಯಬಾರದು. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ನಾಲ್ಕೈದು ಜನ ಸೇರಿ ಅಗಲ ಹಲಗೆಗೆ ಸರಿಸಿ ಸಾಗಿಸಬೇಕು. 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಸೇವೆಗೆ ಕೂಡಲೇ ಕರೆ ಮಾಡಬೇಕು.

ಯಾವ ಮಾತ್ರೆ, ಎಷ್ಟು?

ಗಾಯಾಳುವಿಗೆ ಪ್ರಜ್ಞೆ ಇದ್ದು, ವಾಂತಿ, ಹೊಟ್ಟೆಯ ಪೆಟ್ಟು ಅಥವಾ ತಲೆಗೆ ತೀವ್ರ ಪೆಟ್ಟು ಇಲ್ಲದಿದ್ದರೆ ಒಂದು ಗುಟುಕು ನೀರಿನಲ್ಲಿ ಪ್ಯಾರಸಿಟಮಾಲ್ ಕೊಡಬಹುದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ, ಕಾಫಿ ಕೊಡಬಾರದು. ನೋವು ಮರೆಯಲೆಂದು ಸಾರಾಯಿ ಕುಡಿಸುವುದಂತೂ ಸಲ್ಲದು.

ಪ್ಯಾರಸಿಟಮಾಲ್: 50 ಕಿಲೋಗಿಂತ ಹೆಚ್ಚು ತೂಕದ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 500ರಿಂದ 1000 ಮಿ.ಗ್ರಾಂ., 6 ಗಂಟೆಗೊಮ್ಮೆ. ದಿನಕ್ಕೆ 4000 ಮಿ.ಗ್ರಾಂ. ಮೀರಕೂಡದು. ತೂಕ ಕಡಿಮೆ ಇರುವವರು, ವೃದ್ಧರು, ದಿನವೂ ಕುಡಿಯುವ ಅಭ್ಯಾಸವಿರುವವರು, ಯಕೃತ್ತಿನ ತೊಂದರೆ ಇರುವವರು ಇದಕ್ಕಿಂತ ಕಡಿಮೆ ತೆಗೆದುಕೊಳ್ಳಬೇಕು. ಅವರ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 15 ಮಿ.ಗ್ರಾಂ. ಲೆಕ್ಕ. 20 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 300 ಮಿ.ಗ್ರಾಂ. ಆಗುತ್ತದೆ.

ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದವು: ಇವು ನೋವಿನ ಜೊತೆಗೆ ಊತವನ್ನೂ ತಗ್ಗಿಸುತ್ತವೆ. ಐಬುಪ್ರೊಫೆನ್ 400 ಮಿ.ಗ್ರಾಂ. ದಿನಕ್ಕೆ 3 ಸಲ, ಊಟದ ನಂತರ, ಕೆಲವು ದಿನ ಮಾತ್ರ ಕೊಡುವುದು ವಾಡಿಕೆ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಹೃದಯದ ಕಾಯಿಲೆ, ಉಬ್ಬಸ ಇರುವವರು, ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮತ್ತು ಬಹಳ ರಕ್ತ ಹೋದವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್ ಬೇರೆ ಬೇರೆ ದಾರಿಯಿಂದ ಕೆಲಸ ಮಾಡುವುದರಿಂದ ಎರಡನ್ನೂ ಒಟ್ಟಿಗೆ ಕೊಟ್ಟಾಗ ಒಂದೊಂದರಿಂದ ಸಿಗುವುದಕ್ಕಿಂತ ಹೆಚ್ಚು ಉಪಶಮನ ಸಿಗುತ್ತದೆ. ಆದರೆ ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ಒಂದೇ ಜಾತಿಯವು, ಇವೆರಡನ್ನು ಕೂಡಿಸಬಾರದು. ಅಂಗಡಿಯಲ್ಲಿ ಸಿಗುವ ಅನೇಕ ನೋವಿನ ಮಾತ್ರೆ ಮತ್ತು ಶೀತದ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಮೊದಲೇ ಸೇರಿರುತ್ತದೆ. ಎರಡು ಹೆಸರಿನ ಮಾತ್ರೆ ನುಂಗಿ, ಒಂದೇ ಔಷಧಿಯನ್ನು ಇಮ್ಮಡಿ ತಿಂದಂತಾಗದಿರಲು ಪಟ್ಟಿಯ ಹಿಂಬದಿಯನ್ನು ಓದಬೇಕು.

ಕೊಟ್ಟಿಗೆಯಲ್ಲಿ ದನಕ್ಕೆಂದು ತಂದು ಉಳಿದ ನೋವಿನ ಔಷಧಿಯನ್ನು ಮನುಷ್ಯರಿಗೆ ಬಳಸಕೂಡದು. ಅದರ ಪ್ರಮಾಣ ಮತ್ತು ಸಾಂದ್ರತೆ ಬೇರೆ.

ಮಂಗನ ಕಾಯಿಲೆಯ ಪ್ರದೇಶದಲ್ಲಿ ವಿಶೇಷ ಎಚ್ಚರಿಕೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಪ್ರಾಣಹಾನಿ ಮಾಡಿತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಕೊನೆ ಕೊಯ್ಲು, ಮೆಣಸು ಕೊಯ್ಲು, ಸೊಪ್ಪು ದರಗು ತರುವ ಕೆಲಸಗಳೂ ಬಹುಪಾಲು ಇದೇ ಅವಧಿಯಲ್ಲಿ ಬರುತ್ತವೆ.

ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿದೆ. ಡೆಂಗಿ ಜ್ವರದಲ್ಲೂ ಹೀಗೆಯೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಔಷಧಿಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಆದ್ದರಿಂದ ಬಿದ್ದು ಮೂಳೆ ಮುರಿದವರಿಗೆ ಜ್ವರವೂ ಇದ್ದರೆ, ಅಥವಾ ಈಚೆಗೆ ಜ್ವರ ಬಂದಿದ್ದರೆ, ಪ್ಯಾರಸಿಟಮಾಲ್ ಒಂದನ್ನು ಬಿಟ್ಟು ಬೇರೆ ನೋವಿನ ಮಾತ್ರೆಯನ್ನಾಗಲಿ, ಸೊಂಟಕ್ಕೆ ಚುಚ್ಚುವ ನೋವಿನ ಇಂಜೆಕ್ಷನ್ನನ್ನಾಗಲಿ ತೆಗೆದುಕೊಳ್ಳದೆ ವೈದ್ಯರಿಗೆ ಜ್ವರದ ವಿಷಯ ತಿಳಿಸಬೇಕು. ಮಳೆಗಾಲದ ಇಲಿಜ್ವರದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದರಿಂದ ಆಗಲೂ ಇದೇ ಎಚ್ಚರಿಕೆ ಅಗತ್ಯ.

ಆಸ್ಪತ್ರೆಯಲ್ಲಿ ಏನು ಸಿಗುತ್ತದೆ?

ತೀವ್ರ ನೋವಿಗೆ ಮಾತ್ರೆ ಸಾಲದು. ಅಂಥವರಿಗೆ ರಕ್ತನಾಳದ ಮೂಲಕ ಪ್ಯಾರಸಿಟಮಾಲ್, ಟ್ರಮಡಾಲ್, ಮಾರ್ಫಿನ್ ಅಥವಾ ಫೆಂಟನಿಲ್ ಔಷಧಿಗಳನ್ನು ಸ್ವಲ್ಪಸ್ವಲ್ಪವಾಗಿ, ಉಸಿರಾಟ ಗಮನಿಸುತ್ತ ಕೊಡಲಾಗುತ್ತದೆ. ಇನ್ನೊಂದು ವಿಧಾನ, ಮುರಿದ ಭಾಗಕ್ಕೆ ಹೋಗುವ ನರದ ಸುತ್ತ ಮರಗಟ್ಟಿಸುವ ಔಷಧಿ ಚುಚ್ಚುವುದು. ಸೊಂಟದ ಬಳಿ ಅಥವಾ ತೊಡೆಯ ಮೂಳೆ ಮುರಿದ ವೃದ್ಧರಿಗೆ ಇದು ಬಹಳ ಉಪಯುಕ್ತ. ಒಂದೇ ಚುಚ್ಚುಮದ್ದಿನಿಂದ ಅನೇಕ ಗಂಟೆಗಳ ಉಪಶಮನ ಸಿಗುತ್ತದೆ, ಮಂಪರು ಬರುವುದಿಲ್ಲ. ಹಲವು ಪಕ್ಕೆಲುಬು ಮುರಿದವರಿಗೂ ಇಂಥ ವಿಧಾನಗಳಿವೆ. ಅರಿವಳಿಕೆ ತಜ್ಞರು ಇರುವ ಆಸ್ಪತ್ರೆಗಳಲ್ಲಿ ಇದನ್ನು ಕೇಳಬಹುದು. ಮೂಳೆಯನ್ನು ಎಳೆದು ಕೂಡಿಸುವ ಮೊದಲು, ಪ್ಲಾಸ್ಟರ್ ಹಾಕುವ ಮೊದಲು ಮತ್ತು ಎಕ್ಸ್‌ರೇಗೆ ಹೊರಳಿಸುವ ಮೊದಲು ನೋವಿನ ಔಷಧಿ ಕೊಡುವಂತೆ ವಿನಂತಿಸುವುದು ತಪ್ಪಲ್ಲ.

ಮಾರ್ಫಿನ್ ಸುಲಭವಾಗಿ ಸಿಗದಿರುವುದಕ್ಕೆ ಒಂದು ಹಿನ್ನೆಲೆಯಿದೆ. ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಇದನ್ನು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜಿಪುರಗಳಲ್ಲಿ ಸರ್ಕಾರಿ ಅಫೀಮು ಕಾರ್ಖಾನೆಗಳಿವೆ. ಹೀಗೆ ಕಚ್ಚಾವಸ್ತು ಬೆಳೆಯುವ ದೇಶದಲ್ಲೇ 1985ರ ಮಾದಕ ವಸ್ತುಗಳ ಕಾಯಿದೆಯ ನಂತರ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ಹಲವು ಪರವಾನಗಿಗಳನ್ನು ಪಡೆಯಬೇಕಾಗಿ ಬಂದು, ಅನೇಕ ಆಸ್ಪತ್ರೆಗಳು ಅದರ ಗೋಜಿಗೇ ಹೋಗದಂತಾಯಿತು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್ ಸೇರಿ ಕೆಲವು ಔಷಧಿಗಳನ್ನು ಅತ್ಯಗತ್ಯವೆಂದು ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅವನ್ನು ಇಟ್ಟುಕೊಳ್ಳುವ ಕ್ರಮವನ್ನು ಸರಳಗೊಳಿಸಲಾಯಿತು. ಟ್ರಮಡಾಲನ್ನು 2018ರಲ್ಲಿ ಇದೇ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳುವಂತಿಲ್ಲ. ಸಾರಾಂಶವೆಂದರೆ, ರೋಗಿಗೆ ಅಗತ್ಯವಿದ್ದಾಗ ವೈದ್ಯರು ಇವನ್ನು ಕೊಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ.

ನೋವನ್ನು ಹೇಳುವ ಕ್ರಮ

"ತುಂಬಾ ನೋವು" ಎಂದರೆ ವೈದ್ಯರಿಗೆ ಅಳತೆ ಸಿಗುವುದಿಲ್ಲ. ನೋವೇ ಇಲ್ಲದಿದ್ದರೆ 0, ತಡೆಯಲಾಗದ ನೋವಿಗೆ 10 ಎಂದು ಅಂಕ ಕೊಟ್ಟು ಹೇಳುವುದು ಈಗಿನ ಪದ್ಧತಿ. ಹಳಬರಿಗೆ ಇದು ಹೊಂದದಿದ್ದರೆ "ಹದಿನಾರಾಣೆಯಲ್ಲಿ ಎಷ್ಟಾಣೆ ನೋವು?" ಎಂದು ಕೇಳಬಹುದು. ಔಷಧಿ ಕೊಟ್ಟು ಅರ್ಧ ಗಂಟೆ, ಒಂದು ಗಂಟೆಯ ನಂತರ ಮತ್ತೆ ಕೇಳಬೇಕು. ಹನ್ನೆರಡಾಣೆಯದು ಐದಾರು ಆಣೆಗೆ ಇಳಿದಿದ್ದರೆ ಔಷಧಿ ಹಿಡಿದಿದೆ ಎಂದರ್ಥ. ಇಳಿಯದಿದ್ದರೆ ಸಂಕೋಚಪಡದೆ ದಾದಿಯರಿಗೆ ತಿಳಿಸಬೇಕು. ಮಾತನಾಡಲಾರದ ವೃದ್ಧರಲ್ಲಿ ಮುಖ ಕಿವುಚುವುದು, ನರಳುವುದು, ಊಟ ಬಿಡುವುದು ನೋವಿನ ಚಿಹ್ನೆಗಳು.

ನೋವು ಪೂರ್ತಿ ಸೊನ್ನೆಯಾಗಬೇಕೆಂದು ನಿರೀಕ್ಷಿಸಬಾರದು. ರಾತ್ರಿ ನಿದ್ರೆ ಬರಬೇಕು, ಆಳವಾಗಿ ಉಸಿರೆಳೆದು ಕೆಮ್ಮಲು ಆಗಬೇಕು, ಬೆರಳುಗಳನ್ನು ಆಡಿಸಲು ಆಗಬೇಕು. ಈ ಮೂರು ಸಾಧ್ಯವಾದರೆ ಶಮನ ಸಾಕಷ್ಟಾಗಿದೆ.

ಏರುತ್ತಲೇ ಹೋಗುವ ನೋವು ಅಪಾಯದ ಸೂಚನೆ

ಕಟ್ಟು ಹಾಕಿ, ಔಷಧಿ ಕೊಟ್ಟ ಮೇಲೂ ನೋವು ಏರುತ್ತಲೇ ಹೋದರೆ ಮಾತ್ರೆ ಹೆಚ್ಚಿಸುತ್ತ ಕೂರಬಾರದು. ಊತದಿಂದ ಅಥವಾ ಬಿಗಿ ಕಟ್ಟಿನಿಂದ ಒಳಗಿನ ಒತ್ತಡ ಹೆಚ್ಚಿ ಮಾಂಸಖಂಡಕ್ಕೆ ರಕ್ತ ನಿಂತುಹೋಗುತ್ತಿರಬಹುದು. ಮುಂಗೈ ಮತ್ತು ಮೊಣಕಾಲ ಕೆಳಗಿನ ಮುರಿತಗಳಲ್ಲಿ, ಮೊದಲ ಒಂದೆರಡು ದಿನಗಳಲ್ಲಿ ಇದರ ಸಂಭವ ಹೆಚ್ಚು. ಇದರ ಚಿಹ್ನೆಗಳು:

1. ಪೆಟ್ಟಿಗೆ ಮೀರಿದ, ಔಷಧಿಗೆ ಬಗ್ಗದ ನೋವು.
2. ಬೆರಳನ್ನು ಇನ್ನೊಬ್ಬರು ಮೆಲ್ಲಗೆ ನೇರ ಮಾಡಿದರೆ ಪ್ರಾಣ ಹೋಗುವಂಥ ನೋವು.
3. ಬೆರಳುಗಳು ಜೋಮು ಹಿಡಿಯುವುದು, ಸ್ಪರ್ಶ ತಿಳಿಯದಿರುವುದು.
4. ಬೆರಳುಗಳು ಬಿಳಿಚುವುದು, ನೀಲಿಯಾಗುವುದು, ತಣ್ಣಗಾಗುವುದು.
5. ಬೆರಳು ಆಡಿಸಲು ಆಗದಿರುವುದು.

ಮೊದಲ ಎರಡು ಚಿಹ್ನೆಗಳು ಕಂಡಾಗಲೇ ಹೊರಡಬೇಕು. ಉಳಿದವು ತಡವಾಗಿ ಬರುತ್ತವೆ. ಸುಮಾರು 6 ಗಂಟೆ ರಕ್ತವಿಲ್ಲದೆ ಉಳಿದ ಮಾಂಸಖಂಡ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಕೈ ಶಾಶ್ವತವಾಗಿ ಮುದುಡಬಹುದು, ಕೊಳೆತು ಕತ್ತರಿಸಬೇಕಾಗಿಯೂ ಬರಬಹುದು. ಮನೆಯಲ್ಲಿ ಹಾಕಿದ ಕಟ್ಟಾಗಿದ್ದರೆ ಕೂಡಲೇ ಸಡಿಲಿಸಬೇಕು. ಪ್ಲಾಸ್ಟರ್ ಆಗಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಧಾವಿಸಬೇಕು.

ಮೂಳೆ ಕಟ್ಟುವ ನಾಟಿ ವೈದ್ಯರಲ್ಲಿ ಹಲವರಿಗೆ ನಂಬಿಕೆಯಿದೆ. ಅಲ್ಲಿಗೆ ಹೋಗುವವರೂ ಮೊದಲು ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಬೇಕು. ಚರ್ಮ ಹರಿದು ಮೂಳೆ ಕಾಣುವ ಮುರಿತ, ಮಕ್ಕಳ ಮೊಣಕೈ ಬಳಿಯ ಮುರಿತ, ಸೊಂಟ ಮತ್ತು ಬೆನ್ನುಮೂಳೆಯ ಮುರಿತಗಳಿಗೆ ಆಸ್ಪತ್ರೆಯೇ ಗತಿ. ಯಾರೇ ಕಟ್ಟು ಹಾಕಿರಲಿ, ಮೊದಲ ಎರಡು ದಿನ ಗಂಟೆಗೊಮ್ಮೆ ಬೆರಳ ತುದಿಗಳನ್ನು ಪರೀಕ್ಷಿಸಬೇಕು. "ಬಿಗಿಯಾಗಿದ್ದರೇ ಕೂಡುವುದು" ಎಂದು ನೋವು ನುಂಗಿಕೊಂಡು ಕೂರುವುದು ಅಪಾಯಕರ.

ಮನೆಗೆ ಬಂದ ಮೇಲೆ

ಮೊದಲ ವಾರ ನೋವು ಹೆಚ್ಚು. ನಂತರ ದಿನೇದಿನೇ ಇಳಿಯಬೇಕು. ಮೊದಲ ಮೂರು ನಾಲ್ಕು ದಿನ ವೈದ್ಯರು ಹೇಳಿದ ಮಾತ್ರೆಗಳನ್ನು ನೋವು ಬಂದಾಗ ಮಾತ್ರ ಎಂದು ಕಾಯದೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಏರಿದ ನೋವನ್ನು ಇಳಿಸಲು ಹೆಚ್ಚು ಔಷಧಿ ಬೇಕಾಗುತ್ತದೆ. ಏರದಂತೆ ತಡೆಯಲು ಕಡಿಮೆ ಸಾಕು. ರಾತ್ರಿ ಮಲಗುವ ಮುನ್ನ ಒಂದು ಸಲದ ಮಾತ್ರೆ ಬರುವಂತೆ ಹೊತ್ತು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ನೋವು ತಗ್ಗಿದಂತೆ ಮೊದಲು ಬಲವಾದ ಮಾತ್ರೆಯನ್ನು ಬಿಟ್ಟು, ಕೊನೆಗೆ ಪ್ಯಾರಸಿಟಮಾಲ್ ಬಿಡಬೇಕು.

ಟ್ರಮಡಾಲ್‌ನಂಥ ಮಾತ್ರೆಗಳಿಂದ ಓಕರಿಕೆ, ತಲೆಸುತ್ತು, ಮಲಬದ್ಧತೆ ಬರಬಹುದು. ನೀರು, ಸೊಪ್ಪು ತರಕಾರಿ, ಬಾಳೆಹಣ್ಣು ಧಾರಾಳವಾಗಿರಲಿ. ಸಾಲದಿದ್ದರೆ ಮಲ ಸಡಿಲಿಸುವ ಔಷಧಿ ಕೇಳಬೇಕು. ಮೂರ್ಛೆರೋಗ ಇರುವವರು ಆ ವಿಷಯವನ್ನು ಮೊದಲೇ ತಿಳಿಸಬೇಕು. ಈ ಮಾತ್ರೆ ತೆಗೆದುಕೊಳ್ಳುವಾಗ ಮದ್ಯ ಕುಡಿಯಬಾರದು, ವಾಹನ ಓಡಿಸಬಾರದು, ಮರ ಹತ್ತಬಾರದು. ಉಳಿದ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಬೇರೆಯವರಿಗೆ ಕೊಡಬಾರದು.

ಮಣಿಕಟ್ಟಿನ ಮುರಿತ ಸಾಮಾನ್ಯವಾಗಿ 6 ವಾರಗಳಲ್ಲಿ ಕೂಡುತ್ತದೆ. ತೊಡೆ ಮತ್ತು ಮೊಣಕಾಲ ಕೆಳಗಿನ ದೊಡ್ಡ ಮೂಳೆಗಳಿಗೆ 3ರಿಂದ 6 ತಿಂಗಳು ಹಿಡಿಯುತ್ತದೆ. ಎರಡು ವಾರ ಕಳೆದರೂ ನೋವು ಇಳಿಯದಿದ್ದರೆ, ಇಳಿದ ನೋವು ಮತ್ತೆ ಏರಿದರೆ, ಜ್ವರ ಅಥವಾ ಕೀವು ಕಂಡರೆ, ಮೀನಖಂಡ ಊದಿ ನೋಯುತ್ತಿದ್ದರೆ ಮರುಪರೀಕ್ಷೆ ಅಗತ್ಯ. ಹಠಾತ್ತನೆ ಉಸಿರು ಕಟ್ಟಿದರೆ ಆಸ್ಪತ್ರೆಗೆ ತುರ್ತಾಗಿ ಒಯ್ಯಬೇಕು.

ವಿಸ್ತರಣಾ ಕಾರ್ಯಕರ್ತರು ಮಾಡಬಹುದಾದದ್ದು

ಬೋರ್ಡೋ ಸಿಂಪಡಣೆ ಮತ್ತು ಕೊಯ್ಲಿನ ಮೊದಲು ನಡೆಸುವ ತರಬೇತಿಗಳಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ಹಾಳೆ ಮತ್ತು ದಬ್ಬೆಯಿಂದ ಕಟ್ಟು ಹಾಕುವುದನ್ನು, ಬೆನ್ನು ಅಲುಗದಂತೆ ಹಲಗೆಗೆ ಸರಿಸುವುದನ್ನು ಕೊನೆಗಾರರಿಂದಲೇ ಮಾಡಿಸಿ ತೋರಿಸಬೇಕು. ಪ್ರತಿ ತೋಟದ ಮನೆಯಲ್ಲಿ ಬಟ್ಟೆಪಟ್ಟಿ, ಅವಧಿ ಮೀರದ ಪ್ಯಾರಸಿಟಮಾಲ್ ಮಾತ್ರೆ, ಔಷಧಿ ಕೊಟ್ಟ ಹೊತ್ತು ಬರೆಯಲು ಕಾಗದ ಪೆನ್ಸಿಲು ಇರುವಂತೆ ನೋಡಿಕೊಳ್ಳಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಇಂಥ ಸಭೆಗೆ ಕರೆದರೆ ಜನರ ಸಂದೇಹಗಳು ಅಲ್ಲೇ ಪರಿಹಾರವಾಗುತ್ತವೆ.

ಬಿದ್ದವನು ಕೂಲಿ ಕೊನೆಗಾರನೇ ಇರಲಿ, ಮನೆಯ ಹಿರಿಯರೇ ಇರಲಿ, ನೋವನ್ನು ಅಳೆದು, ಹೊತ್ತಿಗೆ ಸರಿಯಾಗಿ ಶಮನ ಮಾಡಿ, ಶಮನವಾಗದ ನೋವನ್ನು ಎಚ್ಚರಿಕೆಯೆಂದು ತಿಳಿದು ನಡೆದರೆ ಕೈಕಾಲು ಉಳಿಯುತ್ತದೆ. ಮತ್ತೆ ತೋಟಕ್ಕೆ ಇಳಿಯುವ ದಿನವೂ ಹತ್ತಿರವಾಗುತ್ತದೆ.